ಓದುಗರ ಪ್ರಶ್ನೆ, ವೈದ್ಯರ ಉತ್ತರ: ಪ್ರೀ-ಮೆಡ್ ಓದಿಗೆ ಯಾವ ವಿಶ್ವವಿದ್ಯಾಲಯ?

ಏಪ್ರಿಲ್ ತಿಂಗಳು ಬಂತೆಂದರೆ ಅಮೆರಿಕದಲ್ಲಿರುವ ಕನ್ನಡದ ಮನೆಗಳಿಂದ ಈ ಅಂಕಣಕ್ಕೆ ಒಂದೇ ಬಗೆಯ ಪತ್ರಗಳು ಬರುತ್ತವೆ. ಮೇ 1ರೊಳಗೆ ಯಾವುದಾದರೂ ಒಂದು ವಿಶ್ವವಿದ್ಯಾಲಯಕ್ಕೆ ಒಪ್ಪಿಗೆ ತಿಳಿಸಬೇಕು, ಮಗ ಅಥವಾ ಮಗಳಿಗೆ ಡಾಕ್ಟರ್ ಆಗುವ ಆಸೆ, ಮನೆಯಲ್ಲಿ ಒಮ್ಮತವಿಲ್ಲ. ಈ ಸಲ ಬಂದ ಪತ್ರಗಳಲ್ಲಿ ಐದನ್ನು ಆಯ್ದುಕೊಂಡಿದ್ದೇನೆ. ಕರ್ನಾಟಕದ ಓದುಗರಿಗಾಗಿ ಒಂದು ಮಾತು: ಅಲ್ಲಿ ನಮ್ಮ ಹಾಗೆ ಪಿಯುಸಿ ಮುಗಿದ ಕೂಡಲೇ ವೈದ್ಯಕೀಯ ಕಾಲೇಜು ಸೇರುವ ಕ್ರಮವಿಲ್ಲ. ಮೊದಲು ನಾಲ್ಕು ವರ್ಷದ ಪದವಿ, ವೈದ್ಯಕೀಯ ಪ್ರವೇಶಕ್ಕಾಗಿ ಎಂಕ್ಯಾಟ್ ಎಂಬ ಪರೀಕ್ಷೆ, ಆಮೇಲೆ ನಾಲ್ಕು ವರ್ಷದ ವೈದ್ಯಕೀಯ ಓದು. 1893ರಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ ಪದವಿ ಪಡೆದವರನ್ನು ಮಾತ್ರ ಸೇರಿಸಿಕೊಳ್ಳಲು ಆರಂಭಿಸಿತು; ಮುಂದೆ ದೇಶವೆಲ್ಲ ಹೆಚ್ಚುಕಡಿಮೆ ಅದೇ ದಾರಿ ಹಿಡಿಯಿತು. ಪ್ರೀ-ಮೆಡ್ ಎಂಬುದು ಸಾಮಾನ್ಯವಾಗಿ ಒಂದು ಪದವಿಯ ಹೆಸರಲ್ಲ. ಯಾವ ಪದವಿ ಓದುತ್ತಿದ್ದರೂ ಅದರ ಜೊತೆಗೆ ಮುಗಿಸಬೇಕಾದ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವರಸಾಯನಶಾಸ್ತ್ರ ಮುಂತಾದ ವಿಷಯಗಳ ಗುಂಪಿಗೆ ಆ ಹೆಸರು.

ಪ್ರಶ್ನೆ: ನಮ್ಮ ಮಗನಿಗೆ ಇಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯವಾದ ರಟ್ಗರ್ಸ್‌ನ ಆನರ್ಸ್ ಕಾಲೇಜಿನಲ್ಲಿ ವರ್ಷಕ್ಕೆ 10 ಸಾವಿರ ಡಾಲರ್ ವಿದ್ಯಾರ್ಥಿವೇತನದೊಂದಿಗೆ ಪ್ರವೇಶ ದೊರೆತಿದೆ. ಎಲ್ಲರೂ ಹೆಸರು ಕೇಳಿರುವ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲೂ ಸಿಕ್ಕಿದೆ. ಅಲ್ಲಿ ಊಟ ವಸತಿ ಸೇರಿ ವರ್ಷಕ್ಕೆ 90 ಸಾವಿರ ಡಾಲರ್. ಅಲ್ಲಿಂದ ಅರ್ಜಿ ಹಾಕಿದವರಲ್ಲಿ ಶೇಕಡಾ 90 ಮಂದಿಗೆ ವೈದ್ಯಕೀಯ ಸೀಟು ಸಿಗುತ್ತದೆ ಎಂದು ಅವರ ಕೈಪಿಡಿಯಲ್ಲಿದೆ. ಮನೆಯ ಮೇಲೆ ಸಾಲ ಮಾಡಿಯಾದರೂ ಅಲ್ಲಿಗೇ ಕಳುಹಿಸೋಣ ಎನ್ನುತ್ತಾರೆ ನನ್ನ ಯಜಮಾನರು. ನನಗೆ ಧೈರ್ಯ ಸಾಲುತ್ತಿಲ್ಲ. (ಒಬ್ಬ ತಾಯಿ, ಎಡಿಸನ್, ನ್ಯೂಜೆರ್ಸಿ)

ಉತ್ತರ: ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿ, ಕಾರಣಗಳನ್ನು ಆಮೇಲೆ ಕೊಡುತ್ತೇನೆ. ನೀವು ಬರೆದಿರುವ ಪರಿಸ್ಥಿತಿಯಲ್ಲಿ ಮಗನನ್ನು ರಟ್ಗರ್ಸ್‌ಗೆ ಕಳುಹಿಸಿ. ಮನೆಯ ಮೇಲೆ ಸಾಲ ಮಾಡಬೇಡಿ.

ಆ ಶೇಕಡಾ 90ರ ಮಾತನ್ನೇ ಮೊದಲು ನೋಡೋಣ, ಏಕೆಂದರೆ ಹೆಚ್ಚಿನ ತಂದೆತಾಯಿಗಳು ಎಡವುವುದು ಇಲ್ಲಿಯೇ. ಕಳೆದ ವರ್ಷ ಸ್ನೇಹಿತರೊಬ್ಬರ ಮಗಳ ಜೊತೆ ನಾನೂ ಒಂದು ಕಾಲೇಜು ನೋಡಲು ಹೋಗಿದ್ದೆ. ಅಲ್ಲಿಯೂ ಇಂಥದೇ ಅಂಕಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿತ್ತು. ವೈದ್ಯಕೀಯ ಆಕಾಂಕ್ಷಿಗಳಿಗೆ ಸಲಹೆ ಕೊಡುವ ಕಚೇರಿಯಲ್ಲಿ ಕುಳಿತಿದ್ದ ಹಿರಿಯ ಮಹಿಳೆಯನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: "ಮೊದಲ ವರ್ಷ ಡಾಕ್ಟರ್ ಆಗಬೇಕೆಂದು ಬಂದವರು ನೂರು ಮಂದಿ ಎಂದುಕೊಳ್ಳೋಣ, ಅವರಲ್ಲಿ ಅರ್ಜಿ ಹಾಕುವ ಹಂತಕ್ಕೆ ಉಳಿಯುವವರು ಎಷ್ಟು?" ಆಕೆ ಪ್ರಾಮಾಣಿಕರು. ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಲೆಕ್ಕವನ್ನು ನಾವು ಪ್ರಕಟಿಸುವುದಿಲ್ಲ" ಎಂದರು. ಆಮೇಲೆ ತಾವಾಗಿಯೇ ವಿವರಿಸಿದರು: ಅವರ ಕಾಲೇಜಿನಲ್ಲಿ ಒಂದು ಸಮಿತಿಯಿದೆ, ವಿದ್ಯಾರ್ಥಿಯ ಪರವಾಗಿ ವೈದ್ಯಕೀಯ ಶಾಲೆಗಳಿಗೆ ಶಿಫಾರಸು ಪತ್ರ ಬರೆಯುವುದು ಆ ಸಮಿತಿ, ಮತ್ತು ಸರಾಸರಿ ದರ್ಜೆ 4ಕ್ಕೆ 3.5 ದಾಟದವರಿಗೆ ಅದು ಸಾಮಾನ್ಯವಾಗಿ ಪತ್ರ ಕೊಡುವುದಿಲ್ಲ. ಅಲ್ಲಿಗೆ ಶೇಕಡಾ 90ರ ಗುಟ್ಟು ತಿಳಿಯಿತು. ಜರಡಿಯಲ್ಲಿ ಮೇಲೆ ಉಳಿದ ಕಾಳನ್ನು ಮಾತ್ರ ಎಣಿಸಿದ ಲೆಕ್ಕವದು; ಕೆಳಗೆ ಬಿದ್ದ ಮಕ್ಕಳು ಯಾವ ಕೈಪಿಡಿಯಲ್ಲೂ ಕಾಣುವುದಿಲ್ಲ. ದೇಶದ ಒಟ್ಟು ಲೆಕ್ಕವೇ ಹೀಗಿದೆ: ಎಂಡಿ ಪದವಿಯ (ಅಲ್ಲಿ ಅದೇ ವೈದ್ಯರ ಮೊದಲ ಪದವಿ) ಶಾಲೆಗಳಿಗೆ ಇತ್ತೀಚಿನ ವರ್ಷಗಳಲ್ಲಿ ಅರ್ಜಿ ಹಾಕುವವರು ಸುಮಾರು 52 ಸಾವಿರ, ಸೇರುವವರು ಸುಮಾರು 23 ಸಾವಿರ. ಹಾಗಿರುವಾಗ ಯಾರಾದರೂ 90 ಎಂದರೆ, ನೂರು ಯಾವುದು ಎಂದು ಕೇಳುವ ಹಕ್ಕು ನಿಮಗಿದೆ. ಇಂಥ ಸಮಿತಿ ಪತ್ರದ ಪದ್ಧತಿ ಇದೆಯೇ, ಅದಕ್ಕೆ ಕನಿಷ್ಠ ದರ್ಜೆಯ ಕಟ್ಟುಪಾಡಿದೆಯೇ ಎಂದು ಎರಡೂ ಕಡೆ ಮಿಂಚಂಚೆಯಲ್ಲೇ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ.

ಎರಡನೆಯ ಸಂಗತಿ ದರ್ಜೆ. ಎಂಕ್ಯಾಟ್ ಎಲ್ಲರಿಗೂ ಒಂದೇ ಪರೀಕ್ಷೆ, 472ರಿಂದ 528ರವರೆಗಿನ ಅಳತೆ, ಯಾವ ಕಾಲೇಜಿನಿಂದ ಬಂದರೂ ಪ್ರಶ್ನೆಗಳು ಬೇರೆಯಾಗುವುದಿಲ್ಲ. ಎಂಡಿ ಶಾಲೆಗಳಿಗೆ ಸೇರಿದವರ ಸರಾಸರಿ ಈಚೆಗೆ 511, 512ರ ಹತ್ತಿರ ಇದೆ, ಪದವಿಯ ಸರಾಸರಿ ದರ್ಜೆ 4ಕ್ಕೆ 3.8ರ ಆಸುಪಾಸಿನಲ್ಲಿದೆ. ನಿಮ್ಮ ಮಗ ಮೊದಲ ವರ್ಷದ 30 ಕ್ರೆಡಿಟ್‌ಗಳಲ್ಲಿ 2.9 ತೆಗೆದು, ಮುಂದಿನ ಎರಡು ವರ್ಷ ಹಗಲಿರುಳು ಓದಿ 60 ಕ್ರೆಡಿಟ್‌ಗಳಲ್ಲಿ 3.8 ತೆಗೆದನೆಂದು ಇಟ್ಟುಕೊಳ್ಳಿ. ಮೂರನೆಯ ವರ್ಷದ ಕೊನೆಗೆ ಅರ್ಜಿ ಹಾಕುವಾಗ ಅವನ ಸರಾಸರಿ ಸರಿಯಾಗಿ 3.5. ಒಂದು ವರ್ಷದ ತಪ್ಪನ್ನು ಎರಡು ವರ್ಷದ ಶ್ರಮವೂ ಪೂರ್ತಿ ಅಳಿಸುವುದಿಲ್ಲ. ಎಂಡಿ ಶಾಲೆಗಳ ಸಾಮಾನ್ಯ ಅರ್ಜಿ ವ್ಯವಸ್ಥೆಯಾದ ಆಮ್‌ಕ್ಯಾಸ್‌ನಲ್ಲಿ, ಒಂದು ವಿಷಯವನ್ನು ಮತ್ತೊಮ್ಮೆ ಓದಿ ಒಳ್ಳೆಯ ದರ್ಜೆ ಪಡೆದರೂ ಹಳೆಯ ದರ್ಜೆ ಲೆಕ್ಕದಿಂದ ಹೋಗುವುದಿಲ್ಲ, ಎರಡೂ ಸೇರುತ್ತವೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮತ್ತು ಗಣಿತದ ಸರಾಸರಿಯನ್ನು ಪ್ರತ್ಯೇಕವಾಗಿ ತೆಗೆದು ನೋಡುತ್ತಾರೆ, ಆದ್ದರಿಂದ ಸುಲಭದ ಬೇರೆ ವಿಷಯಗಳಲ್ಲಿ ಅದನ್ನು ಮುಚ್ಚಿಕೊಳ್ಳಲೂ ಆಗದು.

ಹೆಸರಾಂತ ವಿಶ್ವವಿದ್ಯಾಲಯದ 3.5ಕ್ಕೂ ಸರ್ಕಾರಿ ವಿಶ್ವವಿದ್ಯಾಲಯದ 3.9ಕ್ಕೂ ವ್ಯತ್ಯಾಸ ಎಣಿಸುವುದಿಲ್ಲವೇ ಎಂದು ನಿಮ್ಮ ಯಜಮಾನರು ಕೇಳಬಹುದು. ಸ್ವಲ್ಪ ಎಣಿಸುತ್ತಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮನೆಯವರು ನೆಚ್ಚಿಕೊಂಡಷ್ಟು ಎಣಿಸುವುದಿಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ, ಎ ದರ್ಜೆಗಳು ಶೇಕಡಾ 35ರ ಮಿತಿಯಲ್ಲಿರಬೇಕೆಂದು ವಿಭಾಗಗಳಿಗೆ ನಿಯಮ ಮಾಡಿತ್ತು. ಹತ್ತು ವರ್ಷ ನಡೆಸಿ 2014ರಲ್ಲಿ ಅದನ್ನು ಕೈಬಿಟ್ಟಿತು. ಅಷ್ಟು ದೊಡ್ಡ ಹೆಸರಿನ ಸಂಸ್ಥೆಯ ಮಕ್ಕಳಿಗೂ, ಹೊರಗಿನವರು ನಮ್ಮ ದರ್ಜೆಯನ್ನು ಹೇಗೆ ಓದುತ್ತಾರೋ ಎಂಬ ಆತಂಕ ತಪ್ಪಿರಲಿಲ್ಲ.

ಇನ್ನು ಹಣ. ಖಾಸಗಿ ಕಡೆ ನಾಲ್ಕು ವರ್ಷಕ್ಕೆ 3 ಲಕ್ಷ 60 ಸಾವಿರ ಡಾಲರ್. ರಟ್ಗರ್ಸ್‌ನಲ್ಲಿ ರಾಜ್ಯದವರ ಶುಲ್ಕ ಮತ್ತು ವಸತಿ ಸೇರಿಸಿ, ವಿದ್ಯಾರ್ಥಿವೇತನ ಕಳೆದರೆ ಅದರ ಮೂರನೆಯ ಒಂದು ಭಾಗವೂ ಆಗದು. ಉಳಿಯುವ ಹಣದ ಬೆಲೆ ಈಗ ಮೊದಲಿಗಿಂತ ಹೆಚ್ಚಾಗಿದೆ, ಏಕೆಂದರೆ 2025ರ ಜುಲೈಯಲ್ಲಿ ಬಂದ ಕಾನೂನಿನ ಪ್ರಕಾರ, 2026ರ ಜುಲೈ 1ರ ನಂತರ ಹೊಸದಾಗಿ ಸಾಲ ಪಡೆಯುವವರಿಗೆ ಗ್ರ್ಯಾಡ್ ಪ್ಲಸ್ ಎಂಬ ಕೇಂದ್ರ ಸರ್ಕಾರದ ಸಾಲ ಇರುವುದಿಲ್ಲ. ವೈದ್ಯಕೀಯದಂಥ ವೃತ್ತಿಶಿಕ್ಷಣಕ್ಕೆ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್ ಎಂದು ಸಾಲಕ್ಕೆ ಮಿತಿ ಬಂದಿದೆ. ಅನೇಕ ವೈದ್ಯಕೀಯ ಶಾಲೆಗಳ ಖರ್ಚು ಆ ಮಿತಿಯನ್ನು ದಾಟುತ್ತದೆ. ಮಿಕ್ಕಿದ್ದನ್ನು ನೀವು ಕೈಯಿಂದ ಕೊಡಬೇಕು ಇಲ್ಲವೇ ಖಾಸಗಿ ಬ್ಯಾಂಕಿನ ಬಡ್ಡಿಗೆ ತರಬೇಕು. ಮನೆಯ ಮೇಲಿನ ಸಾಲವನ್ನು ಪದವಿಯ ಓದಿಗೇ ಮುಗಿಸಿಬಿಟ್ಟರೆ, ನಿಜವಾಗಿ ಹಣ ಬೇಕಾಗುವ ಹೊತ್ತಿಗೆ ಅಡವಿಡಲು ಏನೂ ಇರುವುದಿಲ್ಲ.

ಈ ವಿಷಯದಲ್ಲಿ ನಾನು ಇಷ್ಟು ಖಡಾಖಂಡಿತವಾಗಿ ಬರೆಯಲು ನನ್ನ ಮನೆಯದೇ ಕಾರಣವಿದೆ. ನನ್ನ ಹಿರಿಯ ಮಗಳನ್ನು ನಾನೇ ಹಟ ಹಿಡಿದು ಒಂದು ದೊಡ್ಡ ಹೆಸರಿನ ಕಡೆ ಸೇರಿಸಿದ್ದೆ. ಆರ್ಗ್ಯಾನಿಕ್ ಕೆಮಿಸ್ಟ್ರಿಯ ತರಗತಿಯಲ್ಲಿ ಮುನ್ನೂರಕ್ಕೂ ಮಿಕ್ಕಿ ಮಕ್ಕಳಿದ್ದರು. ಪ್ರಾಧ್ಯಾಪಕರು ವಾರಕ್ಕೆ ಒಂದು ಗಂಟೆ ಸಿಗುತ್ತಿದ್ದರು, ಆ ಹೊತ್ತಿಗೆ ಅವರ ಕೋಣೆಯ ಮುಂದಿನ ಸಾಲು ಮೆಟ್ಟಿಲವರೆಗೆ ಇರುತ್ತಿತ್ತು. ಎರಡು ವರ್ಷ ಕಳೆದು ಶಿಫಾರಸು ಪತ್ರ ಕೇಳುವ ಸಮಯ ಬಂದಾಗ, ತನ್ನ ಹೆಸರನ್ನು ನೋಡದೆ ಹೇಳಬಲ್ಲ ಒಬ್ಬ ವಿಜ್ಞಾನದ ಅಧ್ಯಾಪಕರೂ ಇಲ್ಲವೆಂದು ಅವಳು ಫೋನಿನಲ್ಲಿ ಅತ್ತಳು. ಅವಳು ಈಗ ವೈದ್ಯಳೇ. ಆದರೆ ನಡುವೆ ಕಳೆದುಕೊಂಡ ಎರಡು ವರ್ಷ ಮತ್ತು ಆತ್ಮವಿಶ್ವಾಸಕ್ಕೆ ನಾನೇ ಹೊಣೆ.

ರಟ್ಗರ್ಸ್ ಕೂಡ ಸಣ್ಣ ಸಂಸ್ಥೆಯಲ್ಲ, ಅಲ್ಲಿಯೂ ಮೊದಲ ವರ್ಷದ ತರಗತಿಗಳು ದೊಡ್ಡವೇ. ಆದ್ದರಿಂದಲೇ ಆನರ್ಸ್ ಕಾಲೇಜಿನ ಸೀಟು ಬೆಲೆಯುಳ್ಳದ್ದು: ಸಣ್ಣ ಗುಂಪಿನ ಪಾಠ, ಬೇರೆ ಸಲಹೆಗಾರರು. ನ್ಯೂ ಬ್ರನ್ಸ್‌ವಿಕ್‌ನಲ್ಲಿ ರಾಬರ್ಟ್ ವುಡ್ ಜಾನ್ಸನ್ ವಿಶ್ವವಿದ್ಯಾಲಯ ಆಸ್ಪತ್ರೆ ಕಾಲೇಜ್ ಅವೆನ್ಯೂ ಆವರಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ರೋಗಿಗಳ ಬಳಿ ಕಳೆದ ಗಂಟೆಗಳನ್ನು ವೈದ್ಯಕೀಯ ಶಾಲೆಗಳು ಗಂಭೀರವಾಗಿ ನೋಡುತ್ತವೆ. ಕಾರಿಲ್ಲದ ಹದಿನೆಂಟರ ಹುಡುಗನಿಗೆ ಸಂಜೆಯ ಪ್ರಯೋಗಾಲಯ ಮುಗಿಸಿ ನಡೆದು ಹೋಗಬಲ್ಲ ಆಸ್ಪತ್ರೆ ಇದೆಯೇ ಇಲ್ಲವೇ ಎಂಬುದು ಸಣ್ಣ ಸಂಗತಿಯಲ್ಲ. ಖಾಸಗಿ ವಿಶ್ವವಿದ್ಯಾಲಯವು ನಿಮ್ಮ ಆದಾಯ ನೋಡಿ ವೆಚ್ಚವನ್ನು ರಟ್ಗರ್ಸ್ ಹತ್ತಿರಕ್ಕೆ ಇಳಿಸಿದರೆ ಮಾತ್ರ ಮತ್ತೆ ಯೋಚಿಸಿ. ನೆರವಿನ ಕಚೇರಿಗೆ ಮರುಪರಿಶೀಲನೆಯ ಪತ್ರ ಬರೆಯಲು ಇನ್ನೂ ಸಮಯವಿದೆ, ಕೇಳುವುದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ಮಗಳಿಗೆ ಇತಿಹಾಸದಲ್ಲಿ ಆಸಕ್ತಿ, ಡಾಕ್ಟರೂ ಆಗಬೇಕಂತೆ. ಬಯಾಲಜಿ ತೆಗೆದುಕೊಳ್ಳದಿದ್ದರೆ ಅವಕಾಶ ಕಡಿಮೆಯಾಗುವುದೇ? ಟೆಕ್ಸಸ್ ಬಿಟ್ಟು ಬಾಸ್ಟನ್‌ಗೆ ಹೋದರೆ ನಷ್ಟವೇ? (ಒಬ್ಬ ತಂದೆ, ಫ್ರಿಸ್ಕೊ, ಟೆಕ್ಸಸ್)

ಉತ್ತರ: ಇತಿಹಾಸ ಓದಲಿ. ಅರ್ಜಿದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಜೀವವಿಜ್ಞಾನದವರು ನಿಜ. ಆದರೆ ಮಾನವಿಕ ವಿಷಯಗಳನ್ನು ಓದಿ ಬಂದವರಿಗೆ ಸೀಟು ಸಿಗುವ ಪ್ರಮಾಣ ಅವರಿಗಿಂತ ಕಡಿಮೆಯಿಲ್ಲ, ಹಲವು ವರ್ಷ ತುಸು ಹೆಚ್ಚೇ ಇದೆ. ಅವಶ್ಯ ವಿಜ್ಞಾನ ವಿಷಯಗಳನ್ನು ಅವಳು ಬಿಡುವಂತಿಲ್ಲ ಅಷ್ಟೆ. 2015ರಿಂದ ಎಂಕ್ಯಾಟ್‌ನಲ್ಲಿ ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರದ ಒಂದು ಭಾಗವೂ ಸೇರಿದೆ. ಗದ್ಯವನ್ನು ಓದಿ ವಿಶ್ಲೇಷಿಸುವ ಇನ್ನೊಂದು ಭಾಗದಲ್ಲಿ ವಿಜ್ಞಾನದ ಮಕ್ಕಳೇ ಹೆಚ್ಚು ತಡವರಿಸುತ್ತಾರೆ, ದಪ್ಪ ಪುಸ್ತಕಗಳ ಅಭ್ಯಾಸ ಇರುವವಳಿಗೆ ಅಲ್ಲಿ ಅನುಕೂಲವಿದೆ. ಪ್ರೌಢಶಾಲೆಯಲ್ಲಿ ಕಾಲೇಜು ಮಟ್ಟದ ಎಪಿ ಕೆಮಿಸ್ಟ್ರಿ ಮುಗಿಸಿದ್ದಾಳೆಂದು ಕಾಲೇಜಿನಲ್ಲಿ ಅದನ್ನು ಬಿಟ್ಟುಬಿಡುವ ಮೊದಲು ಒಮ್ಮೆ ಯೋಚಿಸಿ. ಕೆಲವು ವೈದ್ಯಕೀಯ ಶಾಲೆಗಳು ಆ ಕ್ರೆಡಿಟನ್ನು ಒಪ್ಪುವುದಿಲ್ಲ, ಇನ್ನು ಕೆಲವು ಅದಕ್ಕೆ ಬದಲಾಗಿ ಮೇಲಿನ ಹಂತದ ರಸಾಯನಶಾಸ್ತ್ರ ಕೇಳುತ್ತವೆ.

ಟೆಕ್ಸಸ್ ವಿಷಯದಲ್ಲಿ ನೀವು ಅದೃಷ್ಟವಂತರು. ಅಲ್ಲಿಯ ಸರ್ಕಾರಿ ವೈದ್ಯಕೀಯ ಶಾಲೆಗಳ ಸೀಟುಗಳಲ್ಲಿ ಹೊರ ರಾಜ್ಯದವರಿಗೆ ಶೇಕಡಾ 10ಕ್ಕಿಂತ ಹೆಚ್ಚು ಕೊಡುವಂತಿಲ್ಲ, ಶುಲ್ಕವೂ ದೇಶದಲ್ಲೇ ಕಡಿಮೆಯವುಗಳ ಸಾಲಿನಲ್ಲಿದೆ. ನೀವು ಟೆಕ್ಸಸ್‌ನಲ್ಲೇ ನೆಲೆಸಿ, ಮಗಳು ನಿಮ್ಮ ಅವಲಂಬಿತಳಾಗಿಯೇ ಇದ್ದರೆ, ಬಾಸ್ಟನ್‌ನಲ್ಲಿ ಓದಿದರೂ ಸಾಮಾನ್ಯವಾಗಿ ಆ ಹಕ್ಕು ಕೈತಪ್ಪುವುದಿಲ್ಲ. ನಷ್ಟವಿರುವುದು ಹೊರ ಊರಿನ ಖರ್ಚಿನಲ್ಲಿ ಮತ್ತು ಇನ್ನೊಂದು ಕಡೆ: ಟೆಕ್ಸಸ್‌ನ ಸಲಹಾ ಕಚೇರಿಗಳಿಗೆ ಆ ರಾಜ್ಯದ ಪ್ರತ್ಯೇಕ ಅರ್ಜಿ ವ್ಯವಸ್ಥೆ ಅಂಗೈ ಗೆರೆಯಂತೆ ಗೊತ್ತು, ಬಾಸ್ಟನ್‌ನವರಿಗೆ ಅಷ್ಟು ಗೊತ್ತಿರಲಾರದು.

ಪ್ರಶ್ನೆ: ಪದವಿ ಮತ್ತು ವೈದ್ಯಕೀಯ ಎರಡಕ್ಕೂ ಒಟ್ಟಿಗೇ ಸೀಟು ಕೊಡುವ ಬಿಎಸ್-ಎಂಡಿ ಕಾರ್ಯಕ್ರಮ ಒಂದರಲ್ಲಿ ನನಗೆ ಪ್ರವೇಶ ಸಿಕ್ಕಿದೆ. ಅಪ್ಪ ಅಮ್ಮನಿಗೆ ಬಹಳ ಸಂತೋಷ. ನನಗೆ ಸ್ವಲ್ಪ ಭಯ. (ಹದಿನೇಳರ ವಿದ್ಯಾರ್ಥಿನಿ, ನಾರ್ತ್ ಕೆರೊಲಿನಾ)

ಉತ್ತರ: ನಿನ್ನ ಭಯ ತಪ್ಪಲ್ಲ, ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳು. ಬ್ರೌನ್ ವಿಶ್ವವಿದ್ಯಾಲಯದ ಎಂಟು ವರ್ಷದ ಕಾರ್ಯಕ್ರಮದಲ್ಲಿ ಪದವಿಗೆ ಇಷ್ಟವಾದ ವಿಷಯ ಓದಲು ಬೇಕಾದಷ್ಟು ಅವಕಾಶವಿದೆ. ಕನ್ಸಾಸ್ ಸಿಟಿಯ ಮಿಸೌರಿ ವಿಶ್ವವಿದ್ಯಾಲಯದ ಆರು ವರ್ಷದ ಕಾರ್ಯಕ್ರಮದಲ್ಲಿ ಹುಡುಗರು ಮೊದಲಿನಿಂದಲೇ ರೋಗಿಗಳ ನಡುವೆ ಇರುತ್ತಾರೆ. ಎರಡೂ ಒಳ್ಳೆಯವು, ಆದರೆ ಒಂದಕ್ಕೆ ಒಗ್ಗುವವರು ಇನ್ನೊಂದಕ್ಕೆ ಒಗ್ಗದಿರಬಹುದು. ನಿನ್ನದು ಯಾವ ಬಗೆಯದು ಎಂದು ನೋಡಿಕೊ. ಸೀಟು ಉಳಿಯಬೇಕಾದರೆ ಎಷ್ಟು ದರ್ಜೆ ಬೇಕು, ಎಂಕ್ಯಾಟ್ ಬೇಕೇ, ನಡುವೆ ಬಿಟ್ಟರೆ ಪದವಿಯಾದರೂ ಕೈಗೆ ಬರುವುದೇ, ಬೇರೆ ವೈದ್ಯಕೀಯ ಶಾಲೆಗೆ ಅರ್ಜಿ ಹಾಕಲು ಬಿಡುತ್ತಾರೆಯೇ ಎಂದು ಬರಹದಲ್ಲಿ ತರಿಸಿಕೊ. ಡಾಕ್ಟರ್ ಆಗುವುದು ನಿನ್ನದೇ ಆಸೆಯಾಗಿದ್ದು, ಈ ಉತ್ತರಗಳೂ ಸಮಾಧಾನ ತಂದರೆ, ಸೇರು. ಆಸೆ ನಿನ್ನದಲ್ಲದಿದ್ದರೆ ಸಾಮಾನ್ಯ ಪದವಿಯ ದಾರಿ ಹಿಡಿ; ಈಗ ವೈದ್ಯಕೀಯ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪದವಿಯ ನಂತರ ಒಂದೆರಡು ವರ್ಷ ಬೇರೆ ಕೆಲಸ ಮಾಡಿಯೇ ಬರುತ್ತಾರೆ, ಅವಸರವೇನೂ ಇಲ್ಲ.

ಪ್ರಶ್ನೆ: ಮಗಳು ಮೂರು ವರ್ಷದವಳಿದ್ದಾಗ ಇಲ್ಲಿಗೆ ಬಂದೆವು. ನನ್ನದು ಎಚ್-1 ಉದ್ಯೋಗ ವೀಸಾ, ಅವಳದು ಎಚ್-4 ಅವಲಂಬಿತರ ವೀಸಾ. ಗ್ರೀನ್ ಕಾರ್ಡ್ ಸದ್ಯಕ್ಕೆ ಬರುವ ಲಕ್ಷಣವಿಲ್ಲ. ಪ್ರೀ-ಮೆಡ್‌ಗೆ ಕಾಲೇಜು ಆರಿಸುವಾಗ ನಾವು ಬೇರೆ ಏನು ನೋಡಬೇಕು? (ಒಬ್ಬ ತಂದೆ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಉತ್ತರ: ಇಂಥ ಪತ್ರಗಳು ನನ್ನ ಮನಸ್ಸನ್ನು ಬಹಳ ಕಾಡುತ್ತವೆ. ಇಲ್ಲಿಯೇ ಬೆಳೆದ ಮಗು, ಇಪ್ಪತ್ತೊಂದು ತುಂಬಿದ ದಿನ ಅವಲಂಬಿತರ ವೀಸಾ ಕಳೆದುಕೊಳ್ಳುತ್ತದೆ. ಮುಂದುವರಿಯಲು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಅದು ಸಾಮಾನ್ಯವಾಗಿ ಪದವಿಯ ಮೂರನೆಯ ಅಥವಾ ನಾಲ್ಕನೆಯ ವರ್ಷ, ವೈದ್ಯಕೀಯ ಅರ್ಜಿಯ ಹೊತ್ತಿಗೇ ಬರುತ್ತದೆ. ಅಲ್ಲಿಂದ ಮುಂದೆ ಹೆಚ್ಚಿನ ವೈದ್ಯಕೀಯ ಶಾಲೆಗಳ ಕಣ್ಣಿಗೆ ಅವಳು ವಿದೇಶಿ ವಿದ್ಯಾರ್ಥಿ.

ಆದ್ದರಿಂದ ನಿಮ್ಮ ಆಯ್ಕೆಯಲ್ಲಿ ಖರ್ಚಿಗೇ ಮೊದಲ ಸ್ಥಾನ. ನಿಮ್ಮ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಅವಳಿಗೆ ರಾಜ್ಯದವರ ಶುಲ್ಕ ಸಿಗುವುದೇ, ಎಫ್-1ಗೆ ಬದಲಾದ ಮೇಲೂ ಅದು ಉಳಿಯುವುದೇ ಎಂದು ಸೇರುವ ಮೊದಲೇ ಬರಹದಲ್ಲಿ ಪಡೆಯಿರಿ. ಕೇಂದ್ರ ಸರ್ಕಾರದ ಶಿಕ್ಷಣ ಸಾಲ ಅವಳಿಗಿಲ್ಲ; ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಇಲ್ಲಿಯ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರ ಜಾಮೀನು ಕೇಳುತ್ತಾರೆ. ಎಚ್-4ರಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲವಾದ್ದರಿಂದ, ಗೆಳತಿಯರು ಹೋಗುವ ಆಂಬ್ಯುಲೆನ್ಸ್ ನೌಕರಿ ಅಥವಾ ವೈದ್ಯರ ಟಿಪ್ಪಣಿ ಬರೆದುಕೊಳ್ಳುವ ಸ್ಕ್ರೈಬ್ ನೌಕರಿ ಅವಳಿಗೆ ಕೂಡದು. ಸಂಬಳವಿಲ್ಲದ ಸ್ವಯಂಸೇವೆ ಮಾಡಬಹುದು. ಹಾಗಾಗಿ ಸ್ವಯಂಸೇವಕರನ್ನು ರೋಗಿಗಳ ಹತ್ತಿರ ಬಿಡುವ ಆಸ್ಪತ್ರೆ ಅಥವಾ ಹಾಸ್ಪಿಸ್ (ಕೊನೆಯ ದಿನಗಳ ರೋಗಿಗಳ ಆರೈಕೆ ಕೇಂದ್ರ) ಹತ್ತಿರವಿರುವ ಊರನ್ನೇ ಆರಿಸಿ. ಯಾವ ವೈದ್ಯಕೀಯ ಶಾಲೆಗಳು ವಿದೇಶಿ ವೀಸಾದವರ ಅರ್ಜಿ ಒಪ್ಪುತ್ತವೆ ಎಂಬ ವಿವರ ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘದ ಎಂಎಸ್ಎಆರ್ ಎಂಬ ಮಾಹಿತಿ ಕೋಶದಲ್ಲಿದೆ. ಆ ಪಟ್ಟಿಯನ್ನು ಈಗಲೇ ತೆಗೆದು ನೋಡಿ. ಇಪ್ಪತ್ತೊಂದರ ಲೆಕ್ಕದಲ್ಲಿ ಗ್ರೀನ್ ಕಾರ್ಡ್ ಅರ್ಜಿಯ ದಿನಾಂಕಗಳಿಂದ ಕೆಲವರಿಗೆ ವಿನಾಯಿತಿ ದೊರೆಯುವುದುಂಟು, ಅದನ್ನು ವಲಸೆ ವಕೀಲರಲ್ಲಿ ಒಮ್ಮೆ ಪರಿಶೀಲಿಸಿ. ಪದವಿಯ ವಿಷಯವಂತೂ ತನ್ನ ಕಾಲ ಮೇಲೆ ನಿಲ್ಲುವಂಥದ್ದೇ ಇರಲಿ: ಸಂಖ್ಯಾಶಾಸ್ತ್ರ, ನರ್ಸಿಂಗ್, ಬಯೋಮೆಡಿಕಲ್ ಎಂಜಿನಿಯರಿಂಗ್, ಯಾವುದಾದರೂ ಸರಿ.

ಪ್ರಶ್ನೆ: ನಾನು ಮೈಸೂರಿನಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ನೀಟ್ ಸ್ಪರ್ಧೆ ನೋಡಿ ದಿಗಿಲಾಗಿದೆ. ಅಮೆರಿಕಕ್ಕೆ ಹೋಗಿ ಪ್ರೀ-ಮೆಡ್ ಮಾಡಿ ಅಲ್ಲಿಯೇ ಡಾಕ್ಟರ್ ಆಗುವುದು ಸುಲಭವೆಂದು ಒಬ್ಬ ಏಜೆಂಟ್ ಹೇಳುತ್ತಾರೆ. ಹೋಗಲೇ?

ಉತ್ತರ: ಬೇಡ. ಮೇಲಿನ ಉತ್ತರದಲ್ಲಿ ಹೇಳಿದ ಕಷ್ಟ ನಿನಗೆ ಮೊದಲ ದಿನದಿಂದಲೇ ಇರುತ್ತದೆ. ಎಂಡಿ ಶಾಲೆಗಳಿಗೆ ಪ್ರತಿ ವರ್ಷ ಸೇರುವ ಆ 23 ಸಾವಿರ ಮಂದಿಯಲ್ಲಿ ವಿದೇಶಿ ವೀಸಾದ ವಿದ್ಯಾರ್ಥಿಗಳು ನೂರಕ್ಕೆ ಒಬ್ಬರೂ ಇರುವುದಿಲ್ಲ. ಹಲವು ಶಾಲೆಗಳು ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವ ಕೆಲವು ಶಾಲೆಗಳು ಒಂದರಿಂದ ನಾಲ್ಕು ವರ್ಷದ ಶುಲ್ಕವನ್ನು ಮುಂಗಡವಾಗಿ ಖಾತೆಯಲ್ಲಿ ಇಡಲು ಹೇಳುತ್ತವೆ. ಏಜೆಂಟರು ನಿನಗೆ ಕೊಡಿಸಬಲ್ಲದ್ದು ಪದವಿಯ ಸೀಟನ್ನು ಮಾತ್ರ. ಅಲ್ಲಿಯ ಪದವಿ ತಂದೆನೆಂದು ಇಲ್ಲಿ ಎಂಬಿಬಿಎಸ್‌ಗೆ ಸೇರಿಸಿಕೊಳ್ಳುವುದೂ ಇಲ್ಲ, ಆಗಲೂ ನೀಟ್ ಬರೆಯಲೇಬೇಕು.

ಅಮೆರಿಕದಲ್ಲಿ ವೈದ್ಯನಾಗುವ ಆಸೆ ನಿಜವಾಗಿದ್ದರೆ ನಮ್ಮವರು ಬಹುಕಾಲದಿಂದ ನಡೆದ ದಾರಿ ಇನ್ನೊಂದಿದೆ, ನಾನೂ ಅದರಲ್ಲೇ ಬಂದವನು: ಇಲ್ಲಿ ನಾಲ್ಕೂವರೆ ವರ್ಷದ ಎಂಬಿಬಿಎಸ್, ಒಂದು ವರ್ಷದ ಇಂಟರ್ನ್‌ಶಿಪ್, ಅಮೆರಿಕದ ವೈದ್ಯ ಪರವಾನಗಿಯ ಯುಎಸ್ಎಂಎಲ್ಇ ಪರೀಕ್ಷೆಗಳು, ಹೊರದೇಶದಲ್ಲಿ ಓದಿದ ವೈದ್ಯರಿಗೆ ಬೇಕಾದ ಇಸಿಎಫ್ಎಂಜಿ ಪ್ರಮಾಣಪತ್ರ, ಆಮೇಲೆ ಅಲ್ಲಿಯ ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯಲ್ಲಿನ ತಜ್ಞ ತರಬೇತಿಗೆ, ಸ್ಪರ್ಧೆ. ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ 2023ರಲ್ಲಿ ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟದ ಮಾನ್ಯತೆ ಹತ್ತು ವರ್ಷಕ್ಕೆ ದೊರೆತಿರುವುದರಿಂದ ಈ ದಾರಿ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ತೆರೆದೇ ಇದೆ. ಇದೂ ಸುಲಭವೆಂದು ಹೇಳಲಾರೆ, ಆದರೆ ಇದರಲ್ಲಿ ನಡುವೆ ನಿಂತರೂ ನಿನ್ನ ಕೈಯಲ್ಲಿ ವೈದ್ಯನ ಪದವಿ ಇರುತ್ತದೆ. ಈ ಸಲ ನೀಟ್‌ನಲ್ಲಿ ಅಂಕ ಸಾಲದೆ ಹೋದರೆ ಮನೆಯಲ್ಲಿ ಕುಳಿತು ಇನ್ನೊಂದು ವರ್ಷ ಓದು. ಈಗ ಆ ಪರೀಕ್ಷೆಗೆ ಗರಿಷ್ಠ ವಯಸ್ಸಿನ ಮಿತಿಯೂ ಇಲ್ಲ. ಏಜೆಂಟರಿಗೆ ಮುಂಗಡ ಕೊಟ್ಟಿದ್ದರೆ ರಸೀದಿಯೊಂದಿಗೆ ಹಿಂದಕ್ಕೆ ಕೇಳಲು ನಿನ್ನ ತಂದೆಯವರಿಗೆ ಹೇಳು.